ದಂತಕ್ಷಯದ ಪತ್ತೆಯಲ್ಲಿ ಎಕ್ಸ್‌ರೇ

ದಂತಕ್ಷಯ, ಜನರ ಮಾತಿನಲ್ಲಿ ಹುಳುಕು ಹಲ್ಲು, ಬಾಯಿಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಸಾಕಷ್ಟು ಹಳೆಯದಾಗಿರುವ ರೋಗ. ಅಗಿಯುವ ಮೇಲ್ಮೈಯಲ್ಲಿ ಹುಟ್ಟಿದ ಹುಳುಕನ್ನು ಒಳ್ಳೆಯ ಬೆಳಕಿನಲ್ಲಿ, ಹಲ್ಲನ್ನು ಒರೆಸಿ ಒಣಗಿಸಿ ನೋಡಿದರೆ ಗುರುತಿಸಬಹುದು. ಎರಡು ದವಡೆಹಲ್ಲುಗಳು ಒತ್ತಿಕೊಂಡಿರುವ ಸಂದಿಯಲ್ಲಿ ಹುಟ್ಟಿದ್ದನ್ನು ನೋಡಲು ಕನ್ನಡಿಗಾಗಲಿ ಸೂಜಿಗಾಗಲಿ ದಾರಿಯಿಲ್ಲ. ಹಲ್ಲಿನ ಎಕ್ಸ್‌ರೇಯ ನಿಜವಾದ ಕ್ಷೇತ್ರ ಈ ಸಂದಿ. ಆದರೆ ನಮ್ಮ ಕಡೆ ಹಲ್ಲಿನ ಎಕ್ಸ್‌ರೇ ಎಂದರೆ ನೋವು ಬಂದ ಹಲ್ಲಿನ ಬೇರನ್ನು ನೋಡಲು, ರೂಟ್ ಕೆನಾಲ್ ಮಾಡಬೇಕೋ ಕೀಳಬೇಕೋ ಎಂದು ತೀರ್ಮಾನಿಸಲು ತೆಗೆಯುವ ಚಿತ್ರ. ಅದು ಹುಳುಕಿನ ಪತ್ತೆಯಲ್ಲ, ಹುಳುಕು ಮಾಡಿಟ್ಟ ಹಾನಿಯ ಅಳತೆ. ಪತ್ತೆಗೆ ಬೇಕಾದ ಚಿತ್ರವೇ ಬೇರೆ, ಅದನ್ನು ತೆಗೆಯಬೇಕಾದ ಕಾಲವೇ ಬೇರೆ, ಓದುವ ಶಿಸ್ತೂ ಬೇರೆ. ಈ ವ್ಯತ್ಯಾಸ ಅಳಿಸಿಹೋಗಿರುವುದರಿಂದ ಒಂದು ಕಡೆ ಅನಗತ್ಯ ಭಯ, ಇನ್ನೊಂದು ಕಡೆ ಅನಗತ್ಯ ಕೊರೆತ, ಇವೆರಡರ ನಡುವೆ ತಡವಾಗಿ ಸಿಗುವ ಚಿಕಿತ್ಸೆ ಬೆಳೆದು ನಿಂತಿವೆ.

ಹುಳುಕಿಗೆ ಹುಳ ಕಾರಣವಲ್ಲ. ನೆಲಗುಳ್ಳದ ಬೀಜದ ಹೊಗೆ ಕೊಟ್ಟು ಹಲ್ಲಿನ ಹುಳ ಉದುರಿಸುವ ಹಳೆಯ ಪದ್ಧತಿಗೆ ಬಹಳ ಊರುಗಳಲ್ಲಿ ನಂಬಿಕೆಯಿತ್ತು. ನೋವು ತಾತ್ಕಾಲಿಕವಾಗಿ ತಗ್ಗಿದರೂ ಹಲ್ಲಿನೊಳಗೆ ಹುಳ ಇದ್ದದ್ದಿಲ್ಲ. ಹಲ್ಲಿನ ಮೇಲೆ ಕೂರುವ ಜಿಗುಟು ಪದರದಲ್ಲಿ ಬ್ಯಾಕ್ಟೀರಿಯಾಗಳಿವೆ. 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಬೇರ್ಪಡಿಸಿ ಹೆಸರಿಟ್ಟ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಅವುಗಳಲ್ಲಿ ಪ್ರಸಿದ್ಧ. ಸಕ್ಕರೆ ಸಿಕ್ಕಾಗಲೆಲ್ಲ ಇವು ಆಮ್ಲ ಉತ್ಪಾದಿಸುತ್ತವೆ, ಆಮ್ಲತೆ ಏರಿ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಖನಿಜ ಕರಗತೊಡಗುತ್ತದೆ. ಜೊಲ್ಲು ಆ ಖನಿಜವನ್ನು ಮತ್ತೆ ತುಂಬುತ್ತದೆ. ಕರಗುವುದು ಹೆಚ್ಚಾಗಿ ತುಂಬುವುದು ಕಡಿಮೆಯಾದರೆ ಕ್ಷಯ. ಹಲ್ಲಿನ ಹೊರಕವಚವಾದ ಎನಾಮಲ್ ತೂಕದಲ್ಲಿ ಸುಮಾರು 96 ಭಾಗ ಖನಿಜ, ಅದರೊಳಗಿನ ಡೆಂಟಿನ್ ಸುಮಾರು 70 ಭಾಗ. ಖನಿಜ ಹೆಚ್ಚಿದ್ದಷ್ಟು ಎಕ್ಸ್‌ಕಿರಣವನ್ನು ತಡೆಯುತ್ತದೆ. ಹಾಗಾಗಿ ಚಿತ್ರದಲ್ಲಿ ಎನಾಮಲ್ ಅಚ್ಚ ಬಿಳಿ, ಡೆಂಟಿನ್ ಬೂದು, ನರ ಮತ್ತು ರಕ್ತನಾಳಗಳಿರುವ ತಿರುಳು ಕಪ್ಪು. ಖನಿಜ ಕಳೆದುಕೊಂಡ ಜಾಗ ಸುತ್ತಲಿಗಿಂತ ಮಬ್ಬಾಗುತ್ತದೆ. ಆದರೆ ಈ ಮಬ್ಬು ಕಣ್ಣಿಗೆ ಹತ್ತಬೇಕಾದರೆ ಆ ಜಾಗದ ಖನಿಜದಲ್ಲಿ 30ರಿಂದ 40 ಪ್ರತಿಶತ ಆಗಲೇ ಹೋಗಿರಬೇಕು. ಎಕ್ಸ್‌ರೇ ಎಲ್ಲವನ್ನೂ ಬಲು ಬೇಗ ತೋರಿಸಿಬಿಡುತ್ತದೆ ಎಂಬುದು ನಿಜವಲ್ಲ. ಅದು ಕಣ್ಣಿಗಿಂತ ಬೇಗ, ರೋಗಕ್ಕಿಂತ ತಡ. ಚಿತ್ರದಲ್ಲಿ ಕಾಣುವ ಹುಳುಕಿಗಿಂತ ಹಲ್ಲಿನಲ್ಲಿರುವ ಹುಳುಕು ಯಾವಾಗಲೂ ಒಂದಿಷ್ಟು ಆಳವಾಗಿರುತ್ತದೆ.

ಇತಿಹಾಸದಲ್ಲಿಯೂ ನೋವಿನ ಚಿತ್ರ ಮೊದಲು ಬಂತು, ಪತ್ತೆಯ ಚಿತ್ರ ಆಮೇಲೆ. 1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ರಾಂಟ್‌ಜೆನ್ ಹೊಸ ಕಿರಣವನ್ನು ಕಂಡ. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್‌ನ ದಂತವೈದ್ಯ ಓಟೊ ವಾಲ್ಕಾಫ್ ಕಪ್ಪು ಕಾಗದ ಸುತ್ತಿದ ಗಾಜಿನ ಫಲಕವನ್ನು ತನ್ನ ಬಾಯೊಳಗಿಟ್ಟುಕೊಂಡು 25 ನಿಮಿಷ ಅಲುಗಾಡದೆ ಕುಳಿತು ಹಲ್ಲಿನ ಮೊದಲ ಚಿತ್ರ ತೆಗೆಸಿದ. ಇಂದು ಅದೇ ಕೆಲಸ ಸೆಕೆಂಡಿನ ಒಂದು ಅಂಶದಲ್ಲಿ ಮುಗಿಯುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಇದನ್ನು ಚಿಕಿತ್ಸೆಯಲ್ಲಿ ಬಳಸಿದ ಮೊದಲಿಗರಲ್ಲೊಬ್ಬ. ಯಂತ್ರ ಸರಿಹೊಂದಿಸಲು ಪ್ರತಿಸಲ ತನ್ನ ಕೈಯನ್ನೇ ಕಿರಣಕ್ಕೊಡ್ಡುತ್ತಿದ್ದ ಅವನಿಗೆ ಕ್ಯಾನ್ಸರ್ ಬಂತು. ಬೆರಳುಗಳು ಹೋದವು, ಕೈ ಹೋಯಿತು, 1928ರಲ್ಲಿ ಜೀವವನ್ನೇ ಕಳೆದುಕೊಂಡ. ಕಿರಣದ ಬಗ್ಗೆ ಇಂದಿಗೂ ಇರುವ ಭಯದ ಮೂಲದಲ್ಲಿ ಇಂಥ ನಿಜಸಂಗತಿಗಳಿವೆ, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಹುಳುಕಿನ ದೃಷ್ಟಿಯಿಂದ ಮಾತ್ರ ಹೆಚ್ಚು ಮುಖ್ಯವಾದ ಹೆಸರು ಹೊವಾರ್ಡ್ ರೇಪರ್‌ನದು. 1925ರಲ್ಲಿ ಅವನು ಬೈಟ್‌ವಿಂಗ್ ಚಿತ್ರವನ್ನು ಬಳಕೆಗೆ ತಂದ. ಫಿಲ್ಮಿಗೆ ಒಂದು ಸಣ್ಣ ರೆಕ್ಕೆ ಅಂಟಿಸಿ, ರೋಗಿ ಆ ರೆಕ್ಕೆಯನ್ನು ಕಚ್ಚಿಹಿಡಿದಾಗ ಮೇಲಿನ ಮತ್ತು ಕೆಳಗಿನ ದವಡೆಹಲ್ಲುಗಳ ಮುಂಡಭಾಗ ಒಂದೇ ಚಿತ್ರದಲ್ಲಿ, ಸಂದಿಗಳು ತೆರೆದುಕೊಂಡಂತೆ ಮೂಡುತ್ತವೆ. ಬೇರಿನ ತುದಿ ಅದರಲ್ಲಿ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಏಕೆಂದರೆ ರೇಪರ್ ಹುಡುಕುತ್ತಿದ್ದದ್ದು ಇನ್ನೂ ನೋಯದ ಹಲ್ಲನ್ನು. ನೂರು ವರ್ಷ ಕಳೆದರೂ ಸಂದಿಯ ಹುಳುಕಿಗೆ ಇದನ್ನು ಮೀರಿಸಿದ, ಇಷ್ಟೇ ಅಗ್ಗವಾದ ವಿಧಾನ ಬಂದಿಲ್ಲ. 1987ರಲ್ಲಿ ಫ್ರಾನ್ಸ್‌ನಿಂದ ಬಂದ ಆರ್‌ವಿಜಿ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಇಟ್ಟಿತು. ಚಿತ್ರ ಕೂಡಲೇ ಪರದೆಯ ಮೇಲೆ ಬರುತ್ತದೆ, ಕಿರಣವೂ ಕಡಿಮೆ ಸಾಕು, ಆದರೆ ಚಿತ್ರದ ತತ್ವ ಅದೇ. ಪೂರ್ತಿ ದವಡೆಯನ್ನು ಒಮ್ಮೆಗೇ ತೋರಿಸುವ ಓಪಿಜಿ ಬುದ್ಧಿಹಲ್ಲಿಗೆ, ಮೂಳೆಮುರಿತಕ್ಕೆ ಬಲು ಉಪಕಾರಿ. ಸಂದಿಯ ಆರಂಭದ ಹುಳುಕಿಗೆ ಅದು ಸಾಲದು, ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಬಿದ್ದು ಸಂದಿಯೇ ಮುಚ್ಚಿಹೋಗಿರುತ್ತದೆ.

ಚಿತ್ರವನ್ನು ಓದುವ ಕ್ರಮಕ್ಕೆ ಬರೋಣ. ಸಂದಿಯ ಹುಳುಕು ಎನಾಮಲ್‌ನಲ್ಲಿ ಸಣ್ಣ ತ್ರಿಕೋನದಂತೆ ಕಾಣುತ್ತದೆ, ತುದಿ ಒಳಮುಖ. ಡೆಂಟಿನ್ ಮುಟ್ಟಿದ ಮೇಲೆ ಅಲ್ಲಿ ಅಗಲವಾಗಿ ಹರಡಿ ಎರಡನೆಯ ತ್ರಿಕೋನವಾಗುತ್ತದೆ. ವೈದ್ಯರು ಎನಾಮಲ್‌ನ ಹೊರ ಅರ್ಧ, ಒಳ ಅರ್ಧ, ಡೆಂಟಿನ್‌ನ ಹೊರಭಾಗ, ನಡುಭಾಗ, ತಿರುಳಿನ ಹತ್ತಿರ ಎಂದು ಆಳವನ್ನು ಹೆಜ್ಜೆಗಳಾಗಿ ಎಣಿಸುತ್ತಾರೆ. ಈ ಎಣಿಕೆ ಕೇವಲ ವರ್ಗೀಕರಣದ ಹುಚ್ಚಲ್ಲ, ಚಿಕಿತ್ಸೆಯ ತೀರ್ಮಾನವೇ ಅದರ ಮೇಲೆ ನಿಂತಿದೆ. ಪಿಟ್ಸ್ ಮತ್ತು ರಿಮ್ಮರ್ ಎಂಬ ಸಂಶೋಧಕರು ಮಕ್ಕಳ ಹಲ್ಲುಗಳ ನಡುವೆ ತಾತ್ಕಾಲಿಕವಾಗಿ ಜಾಗ ಬಿಡಿಸಿ, ಸಂದಿಯನ್ನು ನೇರವಾಗಿ ಕಣ್ಣಿನಿಂದ ನೋಡಿ, ಅದನ್ನು ಬೈಟ್‌ವಿಂಗ್ ಚಿತ್ರದೊಂದಿಗೆ ಹೋಲಿಸಿ 1992ರಲ್ಲಿ ಪ್ರಕಟಿಸಿದರು. ಕಾಯಂ ಹಲ್ಲುಗಳಲ್ಲಿ ಚಿತ್ರದ ಮಬ್ಬು ಎನಾಮಲ್‌ನ ಹೊರ ಅರ್ಧದಲ್ಲಿದ್ದಾಗ ನಿಜವಾದ ಕುಳಿ ಒಂದರಲ್ಲೂ ಇರಲಿಲ್ಲ. ಒಳ ಅರ್ಧ ಮುಟ್ಟಿದಾಗ ಸುಮಾರು 10 ಪ್ರತಿಶತ, ಡೆಂಟಿನ್‌ನ ಹೊರಭಾಗ ಮುಟ್ಟಿದಾಗ ಸುಮಾರು 41 ಪ್ರತಿಶತ ಹಲ್ಲುಗಳಲ್ಲಿ ಮಾತ್ರ ಕುಳಿ ಬಿದ್ದಿತ್ತು. ಇದರ ಅರ್ಥ ದೊಡ್ಡದು. ಕುಳಿ ಬೀಳದ ಹುಳುಕನ್ನು ಕೊರೆಯಬೇಕಿಲ್ಲ. ಫ್ಲೋರೈಡ್ ವಾರ್ನಿಷ್, ಸಕ್ಕರೆಯ ಕಡಿತ, ಸಂದಿಯ ಶುಚಿ ಇಷ್ಟರಿಂದ ನಿಲ್ಲಿಸಬಹುದು. ಚಿತ್ರ ಹುಳುಕಿನ ಆಳವನ್ನು ಹೇಳುತ್ತದೆ, ಅದು ಬೆಳೆಯುತ್ತಿದೆಯೋ ನಿಂತಿದೆಯೋ ಹೇಳುವುದಿಲ್ಲ. ಅದಕ್ಕೆ ಎರಡನೆಯ ಚಿತ್ರ, ತಿಂಗಳುಗಳ ನಂತರ ಅದೇ ಕೋನದಲ್ಲಿ ತೆಗೆದದ್ದು, ಹೋಲಿಕೆಗೆ ಬೇಕು. ಹದಿಹರೆಯದವರಲ್ಲಿ ಹುಳುಕು ಎನಾಮಲ್ ದಾಟಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುವುದರಿಂದ ಆ ಕಾಯುವಿಕೆಗೆ ಸಮಯವೂ ಇದೆ.

ಓದುವವರನ್ನು ದಾರಿ ತಪ್ಪಿಸುವ ನೆರಳುಗಳೂ ಇವೆ. ಹಲ್ಲಿನ ಕತ್ತಿನ ಬಳಿ ಎನಾಮಲ್ ಮುಗಿದು ಮೂಳೆ ಶುರುವಾಗುವ ನಡುವೆ ಕಿರಣ ಸಲೀಸಾಗಿ ಹಾದುಹೋಗಿ ಕಪ್ಪು ಪಟ್ಟಿ ಮೂಡುತ್ತದೆ, ಅದನ್ನು ಬೇರಿನ ಹುಳುಕೆಂದು ತಿಳಿದು ತುಂಬಿಸಿದ ಉದಾಹರಣೆಗಳು ಎಲ್ಲ ದೇಶದಲ್ಲೂ ಇವೆ. ಅಚ್ಚಬಿಳಿಯ ಪಕ್ಕದ ಬೂದು ಇದ್ದದ್ದಕ್ಕಿಂತ ಕಪ್ಪಾಗಿ ತೋರುವುದು ಕಣ್ಣಿನದೇ ಮೋಸ. ಹಳೆಯ ಕೆಲವು ಬಿಳಿ ಸಿಮೆಂಟುಗಳು ಚಿತ್ರದಲ್ಲಿ ಹುಳುಕಿನಂತೆಯೇ ಕಾಣುತ್ತವೆ. ಕೋನ ಸ್ವಲ್ಪ ತಪ್ಪಿದರೂ ಸಂದಿ ಮುಚ್ಚಿ ಚಿತ್ರ ನಿಷ್ಪ್ರಯೋಜಕವಾಗುತ್ತದೆ. ಅಗಿಯುವ ಮೇಲ್ಮೈಯ ಹುಳುಕಂತೂ ಎನಾಮಲ್‌ನಲ್ಲಿರುವವರೆಗೆ ಎಕ್ಸ್‌ರೇಗೆ ಸಿಗುವುದೇ ಇಲ್ಲ, ಎರಡೂ ಪಕ್ಕದ ದಪ್ಪ ಎನಾಮಲ್ ಅದನ್ನು ಮರೆಮಾಡುತ್ತದೆ. ಅಲ್ಲಿ ಕಣ್ಣೇ ಮೇಲು. ಆರಂಭದ ಹುಳುಕಿನ ಪತ್ತೆಗೆ ಚಿತ್ರಗಳು ಎಷ್ಟು ನಂಬಲರ್ಹ ಎಂದು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ಕಾಕ್ರೇನ್ ಅವಲೋಕನದ ಪ್ರಕಾರ ಇರುವ ಹುಳುಕಿನಲ್ಲಿ ಅರ್ಧದಷ್ಟು ಮಾತ್ರ ಸಿಕ್ಕುತ್ತದೆ, ಇಲ್ಲದ ಹುಳುಕನ್ನು ಇದೆ ಎಂದು ಹೇಳುವ ತಪ್ಪು ಅದಕ್ಕಿಂತ ಬಹಳ ಕಡಿಮೆ. ಕಂಡರೆ ಬಹುಮಟ್ಟಿಗೆ ನಿಜ, ಕಾಣದಿದ್ದರೆ ಇಲ್ಲವೆಂದಲ್ಲ.

ಈಗ ನಮ್ಮ ಸೀಮೆಗೆ, ದಾವಣಗೆರೆಯ ಕಡೆಗೆ, ಬಂದರೆ ಪ್ರಶ್ನೆ ಬೇರೆ ರೂಪ ಪಡೆಯುತ್ತದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ಹೊನ್ನಾಳಿಯಿಂದ ಒಡೆದು ನ್ಯಾಮತಿ ತಾಲ್ಲೂಕಾದದ್ದು ಇತ್ತೀಚೆಗೆ. ಈ ಭಾಗಕ್ಕೆ ದಂತವೈದ್ಯದ ಬಡತನವಿದೆ ಎನ್ನುವಂತಿಲ್ಲ. ದಾವಣಗೆರೆಯಲ್ಲಿ 1979ರಿಂದ ಬಾಪೂಜಿ ದಂತ ಮಹಾವಿದ್ಯಾಲಯವಿದೆ, ಅದೇ ಊರಿನಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ, ಶಿವಮೊಗ್ಗದಲ್ಲಿ ಶರಾವತಿ ದಂತ ಮಹಾವಿದ್ಯಾಲಯವಿದೆ. ಈ ಸೀಮೆಯ ಗೋವಿನಕೋವಿಯಂಥ ಹಳ್ಳಿಯವರು ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ ಹತ್ತಿದರೆ ಎಕ್ಸ್‌ರೇ ಸಿಗುತ್ತದೆ. ಆದರೆ ಹಲ್ಲಿಗಾಗಿ ಬಸ್ ಹತ್ತುವುದು ಯಾವಾಗ? ರಾತ್ರಿಯ ನಿದ್ದೆ ಕೆಟ್ಟ ಮೇಲೆ, ಲವಂಗದ ಎಣ್ಣೆಯೂ ಮಾತ್ರೆಯೂ ಸೋತ ಮೇಲೆ. ಆ ಹೊತ್ತಿಗೆ ತೆಗೆಯುವುದು ಸಹಜವಾಗಿಯೇ ಬೇರಿನ ಚಿತ್ರ, ದಂತ ಚಿಕಿತ್ಸಾಲಯಗಳಲ್ಲಿ ಐಓಪಿಎ ಎಂದು ಕರೆಯುವುದು. ಚಿತ್ರ ಹುಳುಕನ್ನು ಚೆನ್ನಾಗಿಯೇ ತೋರಿಸುತ್ತದೆ; ತಿರುಳಿಗೆ ಇಳಿದು, ಬೇರಿನ ತುದಿಯಲ್ಲಿ ಕೀವಿನ ಕಪ್ಪು ವರ್ತುಲ ಮಾಡಿದ ಹುಳುಕನ್ನು. ವೈದ್ಯರನ್ನು ದೂರಿ ಫಲವಿಲ್ಲ, ನೋವಿನಿಂದ ಬಂದವರಿಗೆ ಬೇಕಾದ ಚಿತ್ರ ಅದೇ. ತಪ್ಪಿರುವುದು ಅದಕ್ಕೂ ನಾಲ್ಕು ವರ್ಷ ಹಿಂದೆ ತೆಗೆಯಬೇಕಿದ್ದ ಚಿತ್ರ.

ನಮ್ಮ ಅಂಕಿಅಂಶಗಳೂ ಈ ಲೋಪವನ್ನು ಹೊತ್ತಿವೆ. ಭಾರತೀಯ ದಂತ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ 53.8 ಪ್ರತಿಶತ, 15 ವರ್ಷದವರಲ್ಲಿ 63.1 ಪ್ರತಿಶತ, 35ರಿಂದ 44ರ ವಯಸ್ಸಿನವರಲ್ಲಿ 80.2 ಪ್ರತಿಶತ ಮಂದಿಗೆ ಹುಳುಕು ಕಂಡುಬಂತು. ಇಂಥ ಸಮೀಕ್ಷೆಗಳು ನಡೆಯುವುದು ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಂತೆ, ಕನ್ನಡಿ ಮತ್ತು ಸೂಜಿಯಿಂದ. ಶಾಲೆಯ ಅಂಗಳಕ್ಕೆ ಯಂತ್ರ ಒಯ್ಯುವುದು ಕಷ್ಟವಾದ್ದರಿಂದ ಎಕ್ಸ್‌ರೇ ಅದರಲ್ಲಿ ಇಲ್ಲ. ಸಂದಿಯ ಹುಳುಕು ಈ ಲೆಕ್ಕದ ಹೊರಗೇ ಉಳಿದಿದೆ. ಎಷ್ಟೋ ಶಾಲಾ ಶಿಬಿರಗಳಲ್ಲಿ ಹಲ್ಲು ಚೆನ್ನಾಗಿದೆ ಎಂದು ಚೀಟಿ ಪಡೆದ ಮಗು ಮರುವರ್ಷ ಕೆನ್ನೆ ಊದಿಸಿಕೊಂಡು ಬರುವುದಕ್ಕೆ ಇದೂ ಒಂದು ಕಾರಣ. ವಿಶೇಷವಾಗಿ ಹಾಲುಹಲ್ಲಿನ ದವಡೆಗಳಲ್ಲಿ ಸಂದಿ ಅಗಲವಾಗಿ ಒತ್ತಿಕೊಂಡಿರುತ್ತದೆ, ಎನಾಮಲ್ ತೆಳು, ತಿರುಳು ಹತ್ತಿರ. ಬಿದ್ದುಹೋಗುವ ಹಲ್ಲಿಗೆ ಏಕೆ ಚಿತ್ರ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಹಿಂದಿನ ಹಾಲುದವಡೆ ಬೀಳುವುದು ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ. ಆರರಲ್ಲಿ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಮುಂದೆ ಬರುವ ಕಾಯಂ ಹಲ್ಲು ಸೊಟ್ಟಗಾಗುತ್ತದೆ.

ಜಿಲ್ಲೆಯ ಎರಡು ತುದಿಗಳಲ್ಲಿ ಎರಡು ವಿಶೇಷ ತೊಡಕುಗಳಿವೆ. ಜಗಳೂರಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಟ್ಟ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಬಾಲ್ಯದಲ್ಲಿ ಅದಕ್ಕಿಂತ ಹೆಚ್ಚು ಕುಡಿದವರ ಹಲ್ಲಿನ ಮೇಲೆ ಬಿಳಿ, ಕಂದು ಮಚ್ಚೆ, ತೀವ್ರವಾದರೆ ಗುಳಿ ಮೂಡುತ್ತದೆ. ಬರಿಗಣ್ಣಿಗೆ ಈ ಮಚ್ಚೆ ಯಾವುದು, ಹುಳುಕಿನ ಮೊದಲ ಬಿಳಿಕಲೆ ಯಾವುದು ಎಂಬ ಗೊಂದಲ ಸಹಜ. ಇನ್ನೊಂದು ಊಹೆಯೂ ದಂತವಿಜ್ಞಾನದಲ್ಲಿದೆ: ಫ್ಲೋರೈಡಿನಿಂದ ಗಟ್ಟಿಯಾದ ಎನಾಮಲ್ ಮೇಲ್ಗಡೆ ಮುರಿಯದೆ ನಿಂತು ಒಳಗಡೆ ಡೆಂಟಿನ್ ಕೊಳೆಯುತ್ತ ಹೋಗಬಹುದು. ಈ ಕಾರಣದ ಬಗ್ಗೆ ವಾದವಿದೆ, ಮೇಲೆ ನೆಟ್ಟಗೆ ಕಂಡು ಒಳಗೆ ಟೊಳ್ಳಾದ ಹಲ್ಲು ಮಾತ್ರ ವಾದವಿಲ್ಲದ ಸಂಗತಿ, ಅದು ಸಿಕ್ಕಿಬೀಳುವುದು ಬೈಟ್‌ವಿಂಗ್‌ನಲ್ಲಿ. ಚನ್ನಗಿರಿ ಅಡಿಕೆಯ ನಾಡು. ದಶಕಗಟ್ಟಲೆ ಎಲೆಅಡಿಕೆ ಜಗಿದ ಹಿರಿಯರ ಹಲ್ಲು ಸವೆದು ಚಪ್ಪಟೆಯಾಗಿ, ಕೆಂಪುಕಂದು ಕರೆ ಹಿಡಿದಿರುತ್ತದೆ. ಒಸಡು ಜಾರಿ ಬೇರು ಹೊರಬಂದಿರುತ್ತದೆ. ಕರೆಯ ಕೆಳಗಿನ ಬೇರುಹುಳುಕು ಕಣ್ಣಿಗೂ ಕಷ್ಟ, ಆಗಲೇ ಹೇಳಿದ ಕತ್ತಿನ ಕಪ್ಪುಪಟ್ಟಿಯಿಂದ ಚಿತ್ರಕ್ಕೂ ಕಷ್ಟ. ಇಲ್ಲಿ ಮೊದಲು ಹಲ್ಲು ತೊಳೆಸಿ, ಸೂಜಿಯಿಂದ ಮುಟ್ಟಿ ಮೆದುವೋ ಗಟ್ಟಿಯೋ ನೋಡಿ, ಆಮೇಲೆ ಚಿತ್ರ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಚಿತ್ರ ಕಣ್ಣನ್ನು ತಿದ್ದಬೇಕು, ಇನ್ನೊಂದು ಕಡೆ ಕಣ್ಣೂ ಕೈಯೂ ಚಿತ್ರವನ್ನು ತಿದ್ದಬೇಕು.

ನೋವಿಲ್ಲದ ಹಲ್ಲಿಗೆ ಎಕ್ಸ್‌ರೇ ತೆಗೆಯಿರಿ ಎಂದರೆ ಎದುರಾಗುವ ಮೊದಲ ಆಕ್ಷೇಪ ಕಿರಣದ ಭಯ. ಲೆಕ್ಕ ಹೀಗಿದೆ. ಭೂಮಿ, ಆಕಾಶ, ಆಹಾರದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೇಳು ಮೈಕ್ರೋಸೀವರ್ಟ್ ವಿಕಿರಣ ಸಹಜವಾಗಿಯೇ ತಗಲುತ್ತದೆ. ಡಿಜಿಟಲ್ ಸೆನ್ಸರ್ ಅಥವಾ ವೇಗದ ಫಿಲ್ಮ್ ಬಳಸಿ, ಕಿರಣವನ್ನು ಆಯತಾಕಾರಕ್ಕೆ ಕಿರಿದುಗೊಳಿಸಿ ತೆಗೆದ ನಾಲ್ಕು ಬೈಟ್‌ವಿಂಗ್‌ಗಳ ಪ್ರಮಾಣ ಸುಮಾರು 5 ಮೈಕ್ರೋಸೀವರ್ಟ್. ಒಂದು ದಿನ ಬದುಕಿದ್ದಕ್ಕೆ ಸಮ. ಹಳೆಯ ನಿಧಾನದ ಫಿಲ್ಮ್, ಅಗಲ ದುಂಡು ಕೊಳವೆ ಬಳಸಿದರೆ ಅದು ಹಲವು ಪಟ್ಟು ಏರುತ್ತದೆ, ಆದ್ದರಿಂದ ಯಂತ್ರ ಯಾವುದೆಂದು ಕೇಳುವ ಹಕ್ಕು ರೋಗಿಗಿದೆ. ದಂತ ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಕಡ್ಡಾಯ. ಕೊರಳಿಗೆ, ಎದೆಗೆ ಸೀಸದ ಹೊದಿಕೆ ಹಾಕದಿದ್ದರೆ ಜನ ಗಾಬರಿಯಾಗುತ್ತಾರೆ. ಅಮೆರಿಕದ ದಂತವೈದ್ಯ ಸಂಘ 2024ರಲ್ಲಿ ಅದರ ಅಗತ್ಯವಿಲ್ಲವೆಂದಿತು, ಕಿರಣವನ್ನು ಕಿರಿದುಗೊಳಿಸುವುದೇ ನಿಜವಾದ ರಕ್ಷಣೆ ಎಂಬ ಕಾರಣಕ್ಕೆ. ಪ್ರಮಾಣ ಅಲ್ಪವೆಂದ ಮಾತ್ರಕ್ಕೆ ಬೇಕಾಬಿಟ್ಟಿ ತೆಗೆಯಬೇಕೆಂದಲ್ಲ. ಅದೇ ಸಂಘದ 2012ರ ಮಾರ್ಗಸೂಚಿ ಹುಳುಕಿನ ಅಪಾಯ ಹೆಚ್ಚಿರುವ ಮಕ್ಕಳಿಗೆ 6ರಿಂದ 12 ತಿಂಗಳಿಗೊಮ್ಮೆ, ಅಪಾಯ ಕಡಿಮೆಯಿರುವ ವಯಸ್ಕರಿಗೆ 24ರಿಂದ 36 ತಿಂಗಳಿಗೊಮ್ಮೆ ಬೈಟ್‌ವಿಂಗ್ ಎಂದು ಅಂತರ ಇಟ್ಟಿದೆ. ಎಲ್ಲರಿಗೂ ಪ್ರತಿ ಭೇಟಿಯಲ್ಲೂ ಒಂದು ಚಿತ್ರ ಎಂಬ ವಾಡಿಕೆಗೆ ವಿಜ್ಞಾನದ ಬೆಂಬಲವಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಹುಡುಕಿದಷ್ಟೂ ಸಿಗುತ್ತದೆ, ಸಿಕ್ಕಿದ್ದಕ್ಕೆಲ್ಲ ಕೊರೆತ ನಡೆಯುತ್ತದೆ, ರೋಗಿಯ ಜೇಬು ಖಾಲಿಯಾಗುತ್ತದೆ. ಇದು ಕಲ್ಪನೆಯ ಭಯವಲ್ಲ. ಎನಾಮಲ್‌ನ ಮಬ್ಬನ್ನು ಸಿಮೆಂಟ್ ತುಂಬಲು ಸಾಕಾದ ಸಾಕ್ಷ್ಯವೆಂದು ತಿಳಿಯುವ ರೂಢಿ ಒಂದು ಕಾಲಕ್ಕೆ ಎಲ್ಲ ಕಡೆ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಇತ್ತೀಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಚಿತ್ರದಲ್ಲಿ ಅನುಮಾನದ ಜಾಗಕ್ಕೆಲ್ಲ ಬಣ್ಣದ ಚೌಕ ಹಾಕಿ ತೋರಿಸುತ್ತವೆ. ಕಣ್ಣು ತಪ್ಪಿದ್ದನ್ನು ಹಿಡಿಯಲು ಅವು ನೆರವಾಗಬಹುದು, ಹಾಗೆಯೇ ಪರದೆಯ ಮೇಲಿನ ಕೆಂಪು ಚೌಕ ಹೆದರಿದ ರೋಗಿಯನ್ನು ಬೇಡದ ಚಿಕಿತ್ಸೆಗೆ ಒಪ್ಪಿಸಲೂಬಹುದು. ಆದರೆ ಆಕ್ಷೇಪ ನಿಜವಾಗಿ ತಾಗುವುದು ಚಿತ್ರಕ್ಕಲ್ಲ, ಚಿತ್ರದ ನಂತರದ ಅವಸರಕ್ಕೆ. ಪಿಟ್ಸ್ ಮತ್ತು ರಿಮ್ಮರ್ ತೋರಿಸಿದ ಅಂಕಿಗಳನ್ನು ಗೌರವಿಸಿದರೆ ಬೈಟ್‌ವಿಂಗ್ ಕೊರೆತವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುತ್ತದೆ. ಕೊರೆಯದೆ ನಿಲ್ಲಿಸಬಹುದಾದ ಹಂತದಲ್ಲಿ ಸಂದಿಯ ಹುಳುಕನ್ನು ತೋರಿಸುವ ಮುಖ್ಯ ಸಾಧನ ಅದು. ಡೆಂಟಿನ್‌ನ ಹೊರಭಾಗದ ಅನುಮಾನದ ಹಂತದಲ್ಲಿ, ಕುಳಿ ಬಿದ್ದಿದೆಯೋ ಇಲ್ಲವೋ ತಿಳಿಯಲು, ವಕ್ರದಂತ ಚಿಕಿತ್ಸೆಯಲ್ಲಿ ಬಳಸುವ ರಬ್ಬರ್ ಉಂಗುರವನ್ನು ಸಂದಿಗೆ ತುರುಕಿ ಎರಡು ಮೂರು ದಿನ ಬಿಟ್ಟರೆ ಹಲ್ಲುಗಳು ಕೊಂಚ ಸರಿದು ಒಳಗು ಕಾಣುತ್ತದೆ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಉಳಿದದ್ದು ಹಳ್ಳಿಯಲ್ಲಿ ಯಂತ್ರವೆಲ್ಲಿ ಎಂಬ ಪ್ರಶ್ನೆ. ಯಂತ್ರವಿಲ್ಲದೆಯೂ ಬಹಳಷ್ಟು ಮಾಡಬಹುದು ಎಂಬುದು ಒಪ್ಪತಕ್ಕ ಮಾತು. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡ, ಕೈಉಪಕರಣದಿಂದಲೇ ಹುಳುಕು ತೆಗೆದು ಸಿಮೆಂಟ್ ತುಂಬುವ ಪದ್ಧತಿಗೆ ವಿದ್ಯುತ್ತೂ ಬೇಡ. ಹುಳುಕನ್ನು ಕಪ್ಪಾಗಿಸಿ ನಿಲ್ಲಿಸುವ ಬೆಳ್ಳಿಯ ದ್ರಾವಣಕ್ಕೆ ಎಕ್ಸ್‌ರೇ ಬೇಕೆಂದಿಲ್ಲ. ಇವೆರಡೂ ಕಾಣುವ ಹುಳುಕಿಗೆ. ಕಾಣದ ಹುಳುಕಿಗೆ ಚಿತ್ರವೇ ಮುಖ್ಯ ದಾರಿ. ಎಲ್ಲ ಊರಿಗೂ ಯಂತ್ರ ಬೇಕಿಲ್ಲ, ಅಪಾಯವಿರುವ ಮಕ್ಕಳನ್ನು ಆರಿಸಿ ಯಂತ್ರವಿರುವ ಕಡೆಗೆ ಕಳುಹಿಸುವ ವ್ಯವಸ್ಥೆ ಬೇಕು. ಬಾಯಿಯಲ್ಲಿ ಆಗಲೇ ಒಂದು ಹುಳುಕು ಕಂಡ ಮಗುವೇ ಕಾಣದ ಇನ್ನೊಂದನ್ನು ಹೊತ್ತಿರುವ ಸಾಧ್ಯತೆ ಹೆಚ್ಚು; ಆ ಆಯ್ಕೆಗೆ ಕನ್ನಡಿ ಮತ್ತು ಟಾರ್ಚ್ ಸಾಕು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ತಾಲ್ಲೂಕು ಮತ್ತು ಸಮುದಾಯ ಆಸ್ಪತ್ರೆಯ ಮಟ್ಟದವರೆಗೂ ದಂತ ಘಟಕಗಳನ್ನು ಬಲಪಡಿಸಲೆಂದೇ ಬಂದದ್ದು. ಕರ್ನಾಟಕ ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುತ್ತದೆ, ಅದು ಒಳ್ಳೆಯದೇ. ಹಲ್ಲೆಲ್ಲ ಹೋದ ಮೇಲೆ ಕೃತಕ ಹಲ್ಲು ಕೊಡಲು ದುಡ್ಡಿರುವ ರಾಜ್ಯಕ್ಕೆ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಶಾಲೆಗಳಲ್ಲಿ ಹುಳುಕು ಕಂಡ ಹನ್ನೆರಡರ ಮಕ್ಕಳಿಗೆ ಎಡಕ್ಕೊಂದು ಬಲಕ್ಕೊಂದು, ಎರಡೇ ಎರಡು ಬೈಟ್‌ವಿಂಗ್ ತೆಗೆಸುವುದು ದೊಡ್ಡ ಹೊರೆಯಾಗದು. ಶಾಲಾ ದಂತ ತಪಾಸಣೆಯ ಮುಂದಿನ ಸುತ್ತಿನಲ್ಲಿಯೇ ದಾವಣಗೆರೆ, ಶಿವಮೊಗ್ಗದ ದಂತ ಮಹಾವಿದ್ಯಾಲಯಗಳನ್ನು ಜೊತೆಗೂಡಿಸಿಕೊಂಡು ಜಿಲ್ಲಾ ಆರೋಗ್ಯ ಇಲಾಖೆ ಇದನ್ನು ಆರಂಭಿಸಬೇಕು.